ಈಜುಕೊಳಕ್ಕೆ ಹೋಗುವವರ ತಲೆಕೂದಲು: ಎಣ್ಣೆಯೋ, ಟೊಪ್ಪಿಯೋ, ಶ್ಯಾಂಪೂವೋ?

ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ಹಿರಿಯರು ಈಜು ಕಲಿತದ್ದು ಕೆರೆಯಲ್ಲಿ, ಹೊಳೆಯ ಕಯದಲ್ಲಿ. ಈಗಿನ ಮಕ್ಕಳು ಕಲಿಯುವುದು ಈಜುಕೊಳದಲ್ಲಿ. ಏಪ್ರಿಲ್, ಮೇ ತಿಂಗಳ ಶಿಬಿರಕ್ಕೆ ಸೇರಿಸಿದ ತಾಯಂದಿರಿಂದ, ಬೆನ್ನುನೋವಿಗೆಂದು ವೈದ್ಯರು ಈಜಲು ಹೇಳಿದವರಿಂದ, ಸ್ಪರ್ಧೆಗೆ ತಯಾರಾಗುತ್ತಿರುವ ಹುಡುಗಿಯರಿಂದ ಬರುವ ದೂರು ಒಂದೇ: ಕೂದಲು ಒರಟಾಗಿದೆ, ಸಿಕ್ಕು ಬಿಡಿಸಲು ಆಗುತ್ತಿಲ್ಲ, ತುದಿ ಸೀಳುತ್ತಿದೆ. ಅದರ ಬೆನ್ನಿಗೇ ಪ್ರಶ್ನೆಗಳು. ತೆಂಗಿನೆಣ್ಣೆ ಹಚ್ಚಿಕೊಂಡು ಹೋದರೆ ಸಾಕೇ? ಸಿಲಿಕೋನ್ ಟೊಪ್ಪಿ ಕೊಳ್ಳಬೇಕೇ? ಈಜುಗಾರರದ್ದೇ ಎಂದು ಮಾರುವ ದುಬಾರಿ ಶ್ಯಾಂಪೂಗೆ ಹಣ ಹಾಕಬಹುದೇ?

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಹೆಚ್ಚಿನವರು ಹಣ ಹಾಕುವುದು ಕೊನೆಯ ಮೆಟ್ಟಿಲಿಗೆ, ಅಂದರೆ ಈಜಿದ ಮೇಲಿನ ಶ್ಯಾಂಪೂಗೆ. ಕೂದಲು ಉಳಿಯುವುದು ಮಾತ್ರ ಕೊಳಕ್ಕೆ ಇಳಿಯುವ ಮೊದಲಿನ ಐದು ನಿಮಿಷ ಮತ್ತು ಮೇಲೆ ಬಂದ ಮೇಲಿನ ಐದು ನಿಮಿಷಗಳಲ್ಲಿ.

ಕ್ಲೋರಿನ್ ಕೂದಲಿಗೆ ಏನು ಮಾಡುತ್ತದೆ

ಕೂದಲಿನ ಹೊರಪದರ ನಮ್ಮ ಹಂಚಿನ ಮಾಡಿನ ಹಾಗೆ, ಒಂದರ ಮೇಲೊಂದು ಹೊಂದಿಸಿಟ್ಟ ಸಣ್ಣ ಪೊರೆಗಳಿಂದ ಆಗಿದೆ. ಆ ಪೊರೆಗಳ ಮೇಲೆ ಕೊಬ್ಬಿನ ತೆಳುವಾದ ಲೇಪವಿರುತ್ತದೆ. ಕೂದಲಿಗೆ ನುಣುಪು ಬರುವುದು, ನೀರು ಬೇಗ ಒಳಗಿಳಿಯದಿರುವುದು ಇದರಿಂದಲೇ. ಕೊಳದ ಕ್ಲೋರಿನ್ ಈ ಲೇಪವನ್ನು ಕಿತ್ತುಹಾಕಿ, ಪೊರೆಗಳ ಅಂಚನ್ನು ಎಬ್ಬಿಸಿ, ಒಳಗಿನ ಕೆರಾಟಿನ್ ಪ್ರೋಟೀನಿನ ಗಂಧಕದ ಬಂಧಗಳನ್ನು ಉತ್ಕರ್ಷಿಸಿ ಮುರಿಯುತ್ತದೆ. ಮುರಿದ ಬಂಧ ಮತ್ತೆ ಕೂಡುವುದಿಲ್ಲ. ಕೂದಲು ಸತ್ತ ಅಂಗಾಂಶವಾದ್ದರಿಂದ ತಾನಾಗಿ ರಿಪೇರಿಯೂ ಆಗುವುದಿಲ್ಲ. ಹಾಳಾದ ಭಾಗವನ್ನು ಕತ್ತರಿಸುವುದೊಂದೇ ಉಪಾಯ. ತಡೆಗಟ್ಟುವುದಕ್ಕೆ ನಾವು ಇಷ್ಟು ಒತ್ತು ಕೊಡುವುದು ಅದಕ್ಕಾಗಿ.

ಪ್ರಮಾಣದ ಅಂದಾಜು ಇರಲಿ. ಬಾವಿ ನೀರಿಗೆ 1000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಎಂಬ ಲೆಕ್ಕವುಂಟು. ಅದು ಹಾಕಿ ಒಂದು ಗಂಟೆಯ ಮೇಲೆ ಲೀಟರಿಗೆ ಅರ್ಧ ಮಿಲಿಗ್ರಾಂನಷ್ಟು ಕ್ಲೋರಿನ್ ಉಳಿದಿರಬೇಕು. ಈಜುಕೊಳದಲ್ಲಿ ಸಾಮಾನ್ಯವಾಗಿ ಲೀಟರಿಗೆ 1ರಿಂದ 3 ಮಿಲಿಗ್ರಾಂ ಇಟ್ಟಿರುತ್ತಾರೆ, ಪಿಎಚ್ 7.2ರಿಂದ 7.8ರ ಒಳಗೆ. ಒಂದು ದಿನದ ಈಜಿನಿಂದ ಏನೂ ಆಗದು. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಒಂದು ಗಂಟೆ ಎಂದಾಗ ಹಾನಿ ಕೂಡುತ್ತಾ ಹೋಗುತ್ತದೆ.

ಹಾಗೆಂದು ಕ್ಲೋರಿನ್ ಕಡಿಮೆ ಹಾಕುವ ಕೊಳವನ್ನು ಹುಡುಕಿಕೊಂಡು ಹೋಗಬೇಡಿ. 2024 ಮತ್ತು 2025ರಲ್ಲಿ ಕೇರಳದಲ್ಲಿ ಅಮೀಬಾದಿಂದ ಬರುವ ಮಿದುಳುಜ್ವರದ ಪ್ರಕರಣಗಳು ವರದಿಯಾದವು. ನಿಂತ ನೀರಿನಲ್ಲಿ, ಸರಿಯಾಗಿ ಕ್ಲೋರಿನ್ ಹಾಕದ ಕೊಳದಲ್ಲಿ ಆ ಅಪಾಯ ನಿಜವಾದದ್ದು. ಕೂದಲು ಮತ್ತೆ ಬೆಳೆಯುತ್ತದೆ. ನೀರು ಶುದ್ಧವಾಗಿಯೇ ಇರಲಿ, ಕೂದಲನ್ನು ಬೇರೆ ದಾರಿಯಿಂದ ಕಾಪಾಡೋಣ. ಇನ್ನೊಂದು ಮಾತು: ಮೂಗಿಗೆ ಅಡರುವ ಘಾಟು ಕ್ಲೋರಿನ್ ಹೆಚ್ಚಾದ ಲಕ್ಷಣವಲ್ಲ. ಬೆವರು, ಮೂತ್ರಗಳ ಜೊತೆ ಕ್ಲೋರಿನ್ ಸೇರಿ ಹುಟ್ಟುವ ಕ್ಲೋರಮೀನಿನ ವಾಸನೆ ಅದು. ಜನ ಮೈ ತೊಳೆಯದೆ ಇಳಿಯುವ ಕೊಳದಲ್ಲಿ ಅದೇ ಹೆಚ್ಚು.

ಆಯ್ಕೆಗೆ ಮೊದಲು ನೋಡಬೇಕಾದ್ದು

ವಾರಕ್ಕೆ ಎಷ್ಟು ದಿನ ಈಜುತ್ತೀರಿ ಎಂಬುದು ಮೊದಲನೆಯದು. ಎರಡು ದಿನದವರೆಗೆ ಒಂದು ಲೆಕ್ಕ, ಮೂರರ ಮೇಲೆ ಇನ್ನೊಂದು.

ಎರಡನೆಯದು ಕೂದಲಿನ ಈಗಿನ ಸ್ಥಿತಿ. ಬಣ್ಣ ಹಾಕಿದ್ದು, ಬ್ಲೀಚ್ ಮಾಡಿದ್ದು, ನೇರ ಮಾಡಿಸಿದ್ದು ಎಲ್ಲವೂ ನೀರನ್ನು ಬೇಗ ಹೀರುತ್ತವೆ, ಬೇಗ ಹಾಳಾಗುತ್ತವೆ. ಉದ್ದವೂ ಲೆಕ್ಕಕ್ಕೆ ಬರುತ್ತದೆ. ಸೊಂಟದವರೆಗಿನ ಜಡೆಯ ತುದಿ ನಾಲ್ಕೈದು ವರ್ಷ ಹಳೆಯದು, ಅದರ ಮೇಲಿನ ಕೊಬ್ಬಿನ ಲೇಪ ಆಗಲೇ ಸವೆದಿರುತ್ತದೆ.

ಮೂರನೆಯದು ಕೊಳದ ನಿಯಮ. ಟೊಪ್ಪಿ ಕಡ್ಡಾಯವೇ, ಎಣ್ಣೆ ಹಚ್ಚಿದ ತಲೆಗೆ ಅನುಮತಿ ಇದೆಯೇ, ಇಳಿಯುವ ಮೊದಲು ತಲೆ ನೆನೆಸಲು ಶವರ್ ಇದೆಯೇ ಎಂದು ಕೇಳಿಕೊಳ್ಳಿ. ಪಾಚಿಗೆ ಮೈಲುತುತ್ತು (ತಾಮ್ರದ ಸಲ್ಫೇಟ್) ಹಾಕುತ್ತಾರೆಯೇ ಎಂಬುದನ್ನೂ ಕೇಳಿ. ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವವರಿಗೆ ಪರಿಚಯದ ಅದೇ ಮೈಲುತುತ್ತು. ಬಿಳಿ ಕೂದಲಿಗೂ ಬ್ಲೀಚ್ ಮಾಡಿದ ಕೂದಲಿಗೂ ಹಸಿರು ಛಾಯೆ ಬರಿಸುವುದು ಕ್ಲೋರಿನ್ ಅಲ್ಲ, ಈ ತಾಮ್ರ. ಕಪ್ಪು ಕೂದಲಲ್ಲಿ ಅದು ಕಾಣುವುದಿಲ್ಲ, ಆದರೆ ಕೂರುವುದಂತೂ ಕೂರುತ್ತದೆ.

ನಾಲ್ಕನೆಯದು ಮನೆಯ ನೀರು. ಇದನ್ನು ಯಾರೂ ಕೇಳುವುದಿಲ್ಲ. ಕಾಸರಗೋಡಿನ ಮುರಕಲ್ಲಿನ ಬಾವಿ, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಆಮ್ಲೀಯ. ಕೆಲವು ಕಡೆ ಕಬ್ಬಿಣದ ಅಂಶವಿದ್ದು ಬಕೆಟಿನ ತಳ ಕೆಂಪಾಗುತ್ತದೆ. ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಕಡೆ ಬೋರಿನ ನೀರು ಗಡಸು, ಸೋಪಿಗೆ ನೊರೆ ಬರುವುದೇ ಕಷ್ಟ. ಒಂದೇ ಶ್ಯಾಂಪೂ ಈ ಎರಡು ನೀರಿನಲ್ಲಿ ಎರಡು ಬಗೆಯ ಫಲ ಕೊಡುತ್ತದೆ.

ಕೊನೆಯದು ಹಣ ಮತ್ತು ಬೆಳಗಿನ ಸಮಯ. ಕೈಯಲ್ಲಿ ಇಪ್ಪತ್ತು ನಿಮಿಷವಿಲ್ಲದವರಿಗೆ ದಾಸವಾಳದ ಸೊಪ್ಪಿನ ಗೊಂಪು (ಲೋಳೆ) ಅರೆಯಲು ಹೇಳಿ ಪ್ರಯೋಜನವಿಲ್ಲ.

ಬರೀ ನೀರು

ಖರ್ಚಿಲ್ಲದ ಉಪಾಯ ಇದು, ಬಿಡಲೇಬಾರದ್ದೂ ಇದೇ. ಒಣ ಕೂದಲು ತನ್ನ ತೂಕದ ಮೂರನೇ ಒಂದಂಶದಷ್ಟು ನೀರನ್ನು ಹೀರಬಲ್ಲದು. ಆ ಜಾಗವನ್ನು ಬಾವಿ ನೀರಿನಿಂದಲೋ ನಲ್ಲಿ ನೀರಿನಿಂದಲೋ ಮೊದಲೇ ತುಂಬಿಸಿದರೆ ಕೊಳದ ನೀರು ಒಳಹೋಗುವುದು ಕಡಿಮೆಯಾಗುತ್ತದೆ. ತಲೆಯ ಮೇಲೆ ಒಂದು ಚೆಂಬು ಸುರಿದುಕೊಂಡರೆ ಸಾಲದು. ಹೊರಗೆ ಒದ್ದೆ ಕಂಡರೂ ಜಡೆಯ ಒಳಗೆ ಒಣಗಿಯೇ ಇರುತ್ತದೆ. ಕೂದಲು ಬಿಚ್ಚಿ, ಬೆರಳಾಡಿಸುತ್ತ ಎರಡು ಮೂರು ನಿಮಿಷ ನೆನೆಸಬೇಕು. ಆಮೇಲೆ ಹಿಂಡದೆ, ಅಂಗೈಯಲ್ಲಿ ಒತ್ತಿ ಸುರಿಯುವ ನೀರನ್ನಷ್ಟೇ ತೆಗೆದು ಕಟ್ಟಬೇಕು. ಶವರ್ ಇಲ್ಲದ ಕೊಳವಾದರೆ ಮನೆಯಿಂದಲೇ ನೆನೆಸಿ, ತುರುಬು ಕಟ್ಟಿ ಹೋಗಿ.

ಮೇಲೆ ಬಂದ ಕೂಡಲೇ ಅಲ್ಲಿಯೇ ಇನ್ನೊಮ್ಮೆ ತೊಳೆಯಿರಿ. ಮನೆಗೆ ಹೋಗಿ ಮೀಯೋಣ ಎಂದು ಸ್ಕೂಟರ್ ಹತ್ತಿದರೆ ದಾರಿಯುದ್ದಕ್ಕೂ ಕ್ಲೋರಿನ್ ತನ್ನ ಕೆಲಸ ಮಾಡುತ್ತಿರುತ್ತದೆ. ಬಿಸಿಲು ಸೇರಿದರೆ ಬಣ್ಣ ಮಾಸುವುದೂ ಬೇಗ.

ಇದರ ಮಿತಿ ಎಂದರೆ ನೆನೆದ ಕೂದಲಿನೊಳಗಿನ ನೀರು ಹೊರಬಂದು ಕೊಳದ ನೀರು ನಿಧಾನವಾಗಿ ಒಳಸೇರುತ್ತಲೇ ಇರುತ್ತದೆ. ಒಂದು ಗಂಟೆಗಿಂತ ಹೆಚ್ಚು ಈಜುವವರಿಗೆ ಇದೊಂದೇ ಸಾಲದು.

ತೆಂಗಿನೆಣ್ಣೆ

ತೆಂಗು, ಅಡಿಕೆಯ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಇರುವ ಕಾಸರಗೋಡಿನವರಿಗೆ ತೆಂಗಿನ ಮಹತ್ವ ಹೇಳಬೇಕಿಲ್ಲ. ಆದರೆ ಎಣ್ಣೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಬಿಡಿಸಿ ನೋಡಬೇಕು. 2003ರಲ್ಲಿ ಆರತಿ ರೇಲೆ ಮತ್ತು ಆರ್. ಬಿ. ಮೊಹಿಲೆ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಖನಿಜ ಎಣ್ಣೆ, ಸೂರ್ಯಕಾಂತಿ ಎಣ್ಣೆ, ತೆಂಗಿನೆಣ್ಣೆ ಮೂರನ್ನೂ ಹೋಲಿಸಿದ್ದರು. ಕೂದಲಿನಿಂದ ಪ್ರೋಟೀನ್ ನಷ್ಟವಾಗುವುದನ್ನು ಚೆನ್ನಾಗಿ ತಗ್ಗಿಸಿದ್ದು ತೆಂಗಿನೆಣ್ಣೆ ಮಾತ್ರ. ಅದರ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು, ಆದ್ದರಿಂದ ಕೂದಲ ಒಳಗೆ ಇಳಿಯುತ್ತದೆ. ಒಳಗಿಳಿದ ಎಣ್ಣೆ ಕೂದಲು ನೀರಿನಲ್ಲಿ ಉಬ್ಬುವುದನ್ನು ಕಡಿಮೆ ಮಾಡುತ್ತದೆ. ಆದರೆ ಎಣ್ಣೆ ಕ್ಲೋರಿನ್ನನ್ನು ನಿಷ್ಕ್ರಿಯಗೊಳಿಸುವುದಿಲ್ಲ. ಎಣ್ಣೆ ಇದೆಯಲ್ಲ ಎಂದು ಆಮೇಲೆ ತೊಳೆಯುವುದನ್ನು ಬಿಟ್ಟರೆ ಲಾಭವೇ ಇಲ್ಲ.

ಹೆಚ್ಚಿನವರು ತಪ್ಪುವುದು ಹಚ್ಚುವ ಹೊತ್ತಿನಲ್ಲಿ. ಕೊಳದ ಬಾಗಿಲಲ್ಲಿ ಅಂಗೈ ತುಂಬ ಎಣ್ಣೆ ಹಚ್ಚಿದರೆ ಅದು ಒಳಗಿಳಿಯಲು ಸಮಯವಿರುವುದಿಲ್ಲ, ನೀರಿನ ಮೇಲೆ ತೇಲಿ ಕೊಳದ ಅಂಚಿನಲ್ಲಿ ಜಿಡ್ಡಾಗಿ ಕೂರುತ್ತದೆ, ಫಿಲ್ಟರಿಗೂ ತೊಂದರೆ. ಕೊಳದವರು ಎಣ್ಣೆ ಬೇಡ ಎನ್ನುವುದರಲ್ಲಿ ನ್ಯಾಯವಿದೆ. ಹಿಂದಿನ ರಾತ್ರಿ ಹಚ್ಚಿ. ಹೆಗಲುದ್ದದ ಕೂದಲಿಗೆ ಒಂದು ಟೀ ಚಮಚ, ಸೊಂಟದುದ್ದಕ್ಕೆ ಎರಡು. ಬುಡಕ್ಕೆ ಬೇಡ, ಕಿವಿಯಿಂದ ಕೆಳಗೆ ತುದಿಯವರೆಗೆ ಸಾಕು. ಬೆಳಿಗ್ಗೆ ಹಳೆಯ ಬೈರಾಸಿನಲ್ಲಿ ಒತ್ತಿ ಒರೆಸಿದಾಗ ಬಟ್ಟೆಗೆ ಜಿಡ್ಡು ಅಂಟದಿದ್ದರೆ ಪ್ರಮಾಣ ಸರಿಯಾಗಿದೆ ಎಂದರ್ಥ.

ಗಾಣದ ಎಣ್ಣೆ, ಮಿಲ್ಲಿನ ಎಣ್ಣೆ, ದುಬಾರಿ ವರ್ಜಿನ್ ಎಣ್ಣೆ ಎಂಬ ವ್ಯತ್ಯಾಸಕ್ಕೆ ಇಲ್ಲಿ ಹೆಚ್ಚು ಹಣ ಕೊಡಬೇಕಿಲ್ಲ. ಪರಿಮಳದ ಹೇರ್ ಆಯಿಲ್ ಆದರೆ ಲೇಬಲ್ ಓದಿ. ಲಿಕ್ವಿಡ್ ಪ್ಯಾರಫಿನ್, ಮಿನರಲ್ ಆಯಿಲ್ ಎಂದು ಮೊದಲಿಗಿದ್ದರೆ ಅದು ಮೇಲೆಯೇ ಕೂರುವ ಎಣ್ಣೆ. ಇನ್ನೊಂದು ಎಚ್ಚರ: ಎಣ್ಣೆಗೂ ಲೇಟೆಕ್ಸ್ ಟೊಪ್ಪಿಗೂ ಆಗದು. ರಬ್ಬರ್ ಅಂಟಂಟಾಗಿ, ಹಿಗ್ಗಿ, ಬೇಗ ಹರಿಯುತ್ತದೆ.

ಎಣ್ಣೆಗೆ ಅನುಮತಿಯೇ ಇಲ್ಲದ ಕಡೆ ತೊಳೆಯದೆ ಬಿಡುವ ಕಂಡೀಷನರ್ ಬರುತ್ತದೆ. ಡೈಮೆಥಿಕೋನ್ ಅಥವಾ ಅಮೋಡೈಮೆಥಿಕೋನ್ ಎಂಬ ಸಿಲಿಕೋನ್ ಇರುವಂಥದ್ದು ಕೂದಲ ಮೇಲೆ ಪದರವಾಗಿ ನಿಲ್ಲುತ್ತದೆ. ನೆನೆದ ಕೂದಲಿಗೆ ಹೆಸರುಕಾಳಿನ ನಾಲ್ಕೈದು ಕಾಳಿನಷ್ಟು ಪ್ರಮಾಣ, ತುದಿಗೆ ಮಾತ್ರ. ಟೊಪ್ಪಿಯೊಳಗೆ ಹಚ್ಚುವುದಾದರೆ ಇನ್ನೂ ಕಡಿಮೆ, ಇಲ್ಲದಿದ್ದರೆ ಟೊಪ್ಪಿ ಜಾರುತ್ತದೆ.

ಟೊಪ್ಪಿ: ಮೂರು ಬಗೆ

ಯಾವ ಟೊಪ್ಪಿಯೂ ಕೂದಲನ್ನು ಪೂರ್ತಿ ಒಣಗಿರಿಸುವುದಿಲ್ಲ. ಒಳಗೆ ಹರಿದಾಡುವ ನೀರನ್ನು ಅದು ಕಡಿಮೆ ಮಾಡುತ್ತದೆ, ಅಷ್ಟೇ. ಹಾಗಾಗಿ ಟೊಪ್ಪಿ ಹಾಕುವವರೂ ಮೊದಲು ತಲೆ ನೆನೆಸಬೇಕು.

ಲೈಕ್ರಾ ಬಟ್ಟೆಯ ಟೊಪ್ಪಿ ಸುಮಾರು 100ರಿಂದ 250 ರೂಪಾಯಿ. ಹಾಕಲು ಸುಲಭ, ಕೂದಲು ಎಳೆಯುವುದಿಲ್ಲ, ಮಕ್ಕಳು ಅಳುವುದಿಲ್ಲ. ಆದರೆ ನೀರು ಆರಾಮವಾಗಿ ಒಳಹೋಗುತ್ತದೆ. ಕೂದಲನ್ನು ಕಟ್ಟಿಡಲು, ಕೊಳದ ನಿಯಮ ಪಾಲಿಸಲು ಇದು ಸರಿ. ಕ್ಲೋರಿನ್ನಿಗೆ ಅಡ್ಡಿ ಎಂದು ಕೊಂಡರೆ ನಿರಾಶೆ ಖಂಡಿತ.

ಲೇಟೆಕ್ಸ್ ಸುಮಾರು ಅದೇ ಬೆಲೆಯದ್ದು, ತೆಳು. ನೀರು ತಡೆಯುತ್ತದೆ, ಆದರೆ ಕೂದಲಿಗೆ ಕಚ್ಚಿಕೊಂಡು ತೆಗೆಯುವಾಗ ಎಳೆ ಕಿತ್ತು ಬರುತ್ತದೆ. ಕೆಲವರಿಗೆ ಲೇಟೆಕ್ಸ್ ಅಲರ್ಜಿಯೂ ಇರುತ್ತದೆ. ಎಣ್ಣೆ ಹಚ್ಚುವ ನಮ್ಮವರಿಗೆ ಇದು ಹೊಂದುವುದಿಲ್ಲ. ನಾವು ಇದನ್ನು ಶಿಫಾರಸು ಮಾಡುವುದಿಲ್ಲ.

ಸಿಲಿಕೋನ್ 200ರಿಂದ 500 ರೂಪಾಯಿವರೆಗೆ, ಉದ್ದ ಕೂದಲಿಗೆಂದೇ ಹಿಂಭಾಗ ದೊಡ್ಡದಾಗಿ ಮಾಡಿದ್ದು ಅದಕ್ಕಿಂತ ತುಸು ಹೆಚ್ಚು. ದಪ್ಪಗಿದ್ದು, ಎಳೆಯುವುದು ಕಡಿಮೆ, ನೀರು ತಡೆಯುವುದರಲ್ಲಿ ಮೂರರಲ್ಲಿ ಮೇಲು. ಸರಿಯಾಗಿ ನೋಡಿಕೊಂಡರೆ ವರ್ಷದ ಮೇಲೂ ಬರುತ್ತದೆ. ತಲೆ ಬೆಚ್ಚಗಾಗುವುದು ಇದರ ಅನಾನುಕೂಲ, ಏಪ್ರಿಲ್ ತಿಂಗಳ ಮಧ್ಯಾಹ್ನದ ತೆರೆದ ಕೊಳದಲ್ಲಿ ಅದು ಸಣ್ಣ ವಿಷಯವಲ್ಲ.

ದಪ್ಪ ಜಡೆಯವರು ಸಾಮಾನ್ಯ ಅಳತೆಯ ಟೊಪ್ಪಿಯಲ್ಲಿ ಹೆಣಗಾಡುವುದು ಅವರ ತಪ್ಪಲ್ಲ. ದೊಡ್ಡ ಅಳತೆಯ ಸೋಲ್ ಕ್ಯಾಪ್ ಎಂಬ ಟೊಪ್ಪಿಗೆ ಅಂತಾರಾಷ್ಟ್ರೀಯ ಈಜು ಸಂಸ್ಥೆ 2021ರಲ್ಲಿ, ಟೋಕಿಯೋ ಒಲಿಂಪಿಕ್ಸಿನ ಮೊದಲು, ಸ್ಪರ್ಧೆಗೆ ಅನುಮತಿ ನಿರಾಕರಿಸಿತ್ತು. 2022ರಲ್ಲಿ ಒಪ್ಪಿಗೆ ಕೊಟ್ಟಿತು. ದೊಡ್ಡ ಕೂದಲಿಗೆ ದೊಡ್ಡ ಟೊಪ್ಪಿ ಬೇಕು ಎಂಬುದು ಈಗ ಸ್ಪರ್ಧೆಯಲ್ಲೂ ಒಪ್ಪಿದ ಮಾತು.

ಹಾಕುವ ಕ್ರಮ ಹೀಗೆ. ಕೂದಲನ್ನು ಒಂದೇ ಸಡಿಲ ಜಡೆ ಹೆಣೆದು, ನೆತ್ತಿಯ ಹಿಂದೆ ಚಪ್ಪಟೆಯಾಗಿ ಸುತ್ತಿ, ಬಟ್ಟೆಯ ಬ್ಯಾಂಡಿನಿಂದ ಕಟ್ಟಿ. ಬರೀ ರಬ್ಬರ್ ಬ್ಯಾಂಡ್ ಒದ್ದೆ ಕೂದಲನ್ನು ಕತ್ತರಿಸುತ್ತದೆ, ಲೋಹದ ಕ್ಲಿಪ್ಪು, ಪಿನ್ನು ಟೊಪ್ಪಿಯನ್ನು ಹರಿಯುತ್ತವೆ. ಟೊಪ್ಪಿಯ ಒಳಭಾಗ ನೀರಿನಲ್ಲಿ ಅದ್ದಿ, ಎರಡೂ ಅಂಗೈ ಒಳಗಿಟ್ಟು ಅಗಲಿಸಿ, ಹಣೆಯಿಂದ ಹಿಂದಕ್ಕೆ ಎಳೆಯಿರಿ. ಉಗುರಿನಿಂದ ಹಿಡಿಯಬೇಡಿ. ಅಂಚು ಕಿವಿಯ ಮೇಲೆ, ಕತ್ತಿನ ಕೂದಲ ಗೆರೆಯ ಕೆಳಗೆ ಬರಲಿ. ನೀರು ನುಗ್ಗುವುದು ಹೆಚ್ಚಾಗಿ ಕತ್ತಿನ ಬಳಿಯಿಂದ. ಬಳಸಿದ ಮೇಲೆ ಸಿಹಿನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಒಳಗೆ ಚಿಟಿಕೆ ಪೌಡರ್ ಉದುರಿಸಿ ಇಡಿ. ಸ್ಕೂಟರಿನ ಡಿಕ್ಕಿಯ ಬಿಸಿಯಲ್ಲಿ ಬಿಟ್ಟ ಟೊಪ್ಪಿ ಒಂದಕ್ಕೊಂದು ಅಂಟಿಕೊಂಡು ಹಾಳಾಗುತ್ತದೆ. ಟೊಪ್ಪಿಯನ್ನೂ ಬಾಚಣಿಗೆಯನ್ನೂ ಮಕ್ಕಳು ಹಂಚಿಕೊಳ್ಳದಿರಲಿ. ಕೊಳದ ಕ್ಲೋರಿನ್ನಿಗೆ ಹೇನು ಸಾಯುವುದಿಲ್ಲ.

ಈಜಿದ ಮೇಲೆ: ವಿಟಮಿನ್ ಸಿ, ಶ್ಯಾಂಪೂ, ಸೀಗೆ

ನೀರಿನಿಂದ ತೊಳೆದ ಮೇಲೂ ಸ್ವಲ್ಪ ಕ್ಲೋರಿನ್ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಮೀಯುವಾಗಲೂ ಕೈಗೆ ಆ ವಾಸನೆ ಬರುವುದು ಇದರಿಂದ. ಅದನ್ನು ತೆಗೆಯಲು ಅಗ್ಗದ, ರಸಾಯನಶಾಸ್ತ್ರದಲ್ಲಿ ಗಟ್ಟಿ ಆಧಾರವಿರುವ ಉಪಾಯ ವಿಟಮಿನ್ ಸಿ. ಒಂದು ಮಿಲಿಗ್ರಾಂ ಕ್ಲೋರಿನ್ನಿಗೆ ಸುಮಾರು 2.5 ಮಿಲಿಗ್ರಾಂ ಸಾಕು. ಉದ್ದ ಕೂದಲಲ್ಲಿ ಕಾಲು ಲೀಟರ್ ಕೊಳದ ನೀರು ಉಳಿದಿದೆ ಎಂದಿಟ್ಟುಕೊಂಡರೂ ಅದರಲ್ಲಿರುವ ಕ್ಲೋರಿನ್ ಒಂದು ಮಿಲಿಗ್ರಾಂಗಿಂತ ಕಡಿಮೆ. ಹಾಗಾಗಿ ಮೆಡಿಕಲ್ ಶಾಪಿನ 500 ಮಿಲಿಗ್ರಾಂನ ಒಂದು ಮಾತ್ರೆಯೇ ಧಾರಾಳ. ಮಾತ್ರೆ ಪುಡಿ ಮಾಡಿ ಒಂದು ಲೀಟರ್ ನೀರಿನ ಬಾಟಲಿಗೆ ಹಾಕಿ, ಕರಗದ ಹಿಟ್ಟನ್ನು ಬಟ್ಟೆಯಲ್ಲಿ ಸೋಸಿ. ತೊಳೆದ ಕೂದಲ ಮೇಲೆ ನಿಧಾನವಾಗಿ ಸುರಿದು, ಎರಡು ನಿಮಿಷ ಬಿಟ್ಟು, ಮತ್ತೆ ನೀರು ಹೊಯ್ಯಿರಿ. ಅಗಿಯುವ ಮಾತ್ರೆಯಾದರೆ ಸಕ್ಕರೆ, ಬಣ್ಣ ಇರುವುದರಿಂದ ಇನ್ನೂ ಚೆನ್ನಾಗಿ ತೊಳೆಯಬೇಕು. ಕಣ್ಣಿಗೆ ಬಿದ್ದರೆ ಉರಿಯುತ್ತದೆ, ಮಕ್ಕಳಿಗೆ ತಲೆ ಹಿಂದಕ್ಕೆ ಬಾಗಿಸಿ ಹೊಯ್ಯಿರಿ. ಕರಗಿಸಿದ್ದು ಆ ದಿನಕ್ಕೆ ಮಾತ್ರ, ಮಾರನೆಯ ದಿನಕ್ಕೆ ಬಲ ಕುಂದುತ್ತದೆ. ಬಚ್ಚಲಿನ ತಾಮ್ರದ ಹಂಡೆಯ ನೀರಿನಲ್ಲಿ ಕಲಸಲೇಬೇಡಿ. ತಾಮ್ರ ಅದನ್ನು ಬೇಗ ಕೆಡಿಸುತ್ತದೆ, ಹುಳಿ ತಾಮ್ರವನ್ನು ಬಿಡಿಸಿಕೊಂಡು ಕೂದಲಿಗೆ ತರುತ್ತದೆ.

ಲಿಂಬೆರಸ ಇದರ ಬದಲಿಯಲ್ಲ. ಅದರಲ್ಲಿ ಸಿಟ್ರಿಕ್ ಆಮ್ಲ ಹೆಚ್ಚು, ವಿಟಮಿನ್ ಸಿ ಕಡಿಮೆ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬಣ್ಣ ತಿಳಿಯಾಗುವುದೂ ಉಂಟು. ಅಡುಗೆ ಸೋಡಾ ಬೇಡ, ಅದು ಕ್ಷಾರ, ಎದ್ದ ಪೊರೆಯನ್ನು ಇನ್ನಷ್ಟು ಎಬ್ಬಿಸುತ್ತದೆ.

ಈಜುಗಾರರ ಶ್ಯಾಂಪೂ ಮಾಮೂಲಿಯದಕ್ಕಿಂತ ಎರಡು ಮೂರು ಪಟ್ಟು ದುಬಾರಿ. ಅದು ನಿಜವಾಗಿ ಮಾಡುವ ಕೆಲಸ ಎರಡು: ಸೋಡಿಯಂ ಥಯೋಸಲ್ಫೇಟ್ ಇದ್ದರೆ ಕ್ಲೋರಿನ್ ತೆಗೆಯುತ್ತದೆ, ಟೆಟ್ರಾಸೋಡಿಯಂ ಇಡಿಟಿಎ ಇದ್ದರೆ ತಾಮ್ರ, ಕಬ್ಬಿಣ, ಸುಣ್ಣದಂಶವನ್ನು ಹಿಡಿದು ತೆಗೆಯುತ್ತದೆ. ಲೇಬಲಿನಲ್ಲಿ ಇವು ಪಟ್ಟಿಯ ಮೊದಲರ್ಧದಲ್ಲಿರಬೇಕು. ಕೊನೆಯಲ್ಲಿ ಡೈಸೋಡಿಯಂ ಇಡಿಟಿಎ ಎಂದಿರುವುದು ಸಾಮಾನ್ಯ ಶ್ಯಾಂಪೂಗಳಲ್ಲೂ ಇರುತ್ತದೆ, ಅದು ಶ್ಯಾಂಪೂ ಕೆಡದಿರಲು ಹಾಕಿದ್ದು. ಕಾಸರಗೋಡಿನ ಮೆದುನೀರಿನ ಮನೆಯವರು, ಮೈಲುತುತ್ತು ಹಾಕದ ಕೊಳದಲ್ಲಿ ಈಜುವವರು ಇದಕ್ಕೆ ಹಣ ಹಾಕಬೇಕಿಲ್ಲ. ನೀರು ಗಡಸಾಗಿರುವ ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯವರಿಗೆ, ಬಾವಿ ನೀರಿನಲ್ಲಿ ಕಬ್ಬಿಣವಿರುವವರಿಗೆ, ನೆರೆತ ಕೂದಲವರಿಗೆ ಇದು ಸಾರ್ಥಕ. ಆಗಲೂ ದಿನಾ ಬೇಡ. ಹದಿನೈದು ದಿನಕ್ಕೊಮ್ಮೆ, ದಿನವೂ ಈಜುವವರಾದರೆ ವಾರಕ್ಕೊಮ್ಮೆ. ಹಚ್ಚಿ ಐದು ನಿಮಿಷ ಬಿಟ್ಟು ತೊಳೆದು, ಮೇಲಿಂದ ಕಂಡೀಷನರ್ ಹಾಕಲೇಬೇಕು, ಇಲ್ಲದಿದ್ದರೆ ಕೂದಲು ಮೊದಲಿಗಿಂತ ಒರಟಾಗುತ್ತದೆ.

ಉಳಿದ ದಿನಗಳಿಗೆ ಮೃದುವಾದ ಮಾಮೂಲಿ ಶ್ಯಾಂಪೂ ಬುಡಕ್ಕೆ ಮಾತ್ರ, ಕಂಡೀಷನರ್ ತುದಿಗೆ ಮೂರು ನಿಮಿಷ.

ಸೀಗೆಕಾಯಿ ಸ್ವಲ್ಪ ಆಮ್ಲೀಯ, ಜಿಡ್ಡು ತೆಗೆಯುವುದರಲ್ಲಿ ಗಟ್ಟಿಗ. ಆದರೆ ಪುಡಿಯ ಕಣಗಳು ಮೊದಲೇ ಒರಟಾದ ಕೂದಲನ್ನು ಉಜ್ಜುತ್ತವೆ, ಸೋಸಿದ ನೀರನ್ನೇ ಬಳಸಿ. ದಾಸವಾಳದ ಸೊಪ್ಪಿನ ಗೊಂಪು ಇದಕ್ಕಿಂತ ಒಳ್ಳೆಯದೆಂದು ನಮ್ಮ ಅನಿಸಿಕೆ. ಲೋಳೆ ಎಳೆಗಳ ನಡುವೆ ಜಾರುವಿಕೆ ಕೊಡುವುದರಿಂದ ಸಿಕ್ಕು ಬಿಡಿಸುವಾಗ ಕೂದಲು ತುಂಡಾಗುವುದಿಲ್ಲ. ಎರಡು ಹಿಡಿ ಸೊಪ್ಪನ್ನು ನೀರಿನಲ್ಲಿ ಕಿವುಚಿ ಸೋಸಿದರೆ ಹೆಗಲುದ್ದದ ಕೂದಲಿಗೆ ಸಾಕು. ಕ್ಲೋರಿನ್ ತೆಗೆಯುವ ಕೆಲಸವನ್ನು ಇವೆರಡಕ್ಕೂ ಒಪ್ಪಿಸಬೇಡಿ. ರವಿವಾರದ ಎಣ್ಣೆಸ್ನಾನಕ್ಕೆ ಇವು ಇರಲಿ.

ಯಾರಿಗೆ ಯಾವುದು

ವಾರಕ್ಕೆ ಒಂದೆರಡು ದಿನ, ಗಿಡ್ಡ ಕೂದಲು: ಮೊದಲು ನೀರು, ಆಮೇಲೆ ನೀರು, ಲೈಕ್ರಾ ಟೊಪ್ಪಿ, ಮನೆಯಲ್ಲಿರುವ ಶ್ಯಾಂಪೂ. ಇದರ ಮೇಲೆ ಒಂದು ರೂಪಾಯಿಯೂ ಹಾಕಬೇಡಿ.

ಶಿಬಿರದ ಮಕ್ಕಳಿಗೂ ಇದೇ, ಹಿಂದಿನ ರಾತ್ರಿಯ ತುಸು ತೆಂಗಿನೆಣ್ಣೆ ಸೇರಿಸಿ. ಮಗು ಹಟ ಮಾಡದೆ ಹಾಕಿಕೊಳ್ಳುವ ಟೊಪ್ಪಿಯೇ ಆ ಮಗುವಿಗೆ ಒಳ್ಳೆಯ ಟೊಪ್ಪಿ.

ವಾರಕ್ಕೆ ಮೂರು ದಿನದ ಮೇಲೆ, ಉದ್ದ ಕೂದಲು: ಮೊದಲ ಖರ್ಚು ಉದ್ದ ಕೂದಲಿನ ಸಿಲಿಕೋನ್ ಟೊಪ್ಪಿಗೆ. ಎರಡನೆಯದು ವಿಟಮಿನ್ ಸಿ ಮಾತ್ರೆಗೆ. ಶ್ಯಾಂಪೂ ಬದಲಿಸುವ ಯೋಚನೆ ಎರಡು ತಿಂಗಳ ಮೇಲೆ, ಆಗಲೂ ಕೂದಲು ಒರಟಾಗಿಯೇ ಇದ್ದರೆ ಮಾತ್ರ.

ಬಣ್ಣ ಹಾಕಿದವರು, ನೇರ ಮಾಡಿಸಿದವರು ಮಾಡಿಸಿದ ಕೂಡಲೇ ಕೊಳಕ್ಕೆ ಇಳಿಯಬೇಡಿ. ಬಣ್ಣಕ್ಕೆ ಕನಿಷ್ಠ ಮೂರು ದಿನ, ಪಾರ್ಲರಿನಲ್ಲಿ ಕೆರಾಟಿನ್ ಹಚ್ಚಿಸಿ ನೇರ ಮಾಡಿಸಿದ್ದಕ್ಕೆ ಎರಡು ವಾರ ಬಿಡಿ. ಇವರಿಗೆ ಸಿಲಿಕೋನ್ ಟೊಪ್ಪಿ, ತೊಳೆಯದೆ ಬಿಡುವ ಕಂಡೀಷನರ್, ವಿಟಮಿನ್ ಸಿ ಮೂರೂ ಬೇಕು. ಇಷ್ಟಕ್ಕೆ ಮನಸ್ಸಿಲ್ಲದಿದ್ದರೆ ಈಜುವ ತಿಂಗಳುಗಳಲ್ಲಿ ಬಣ್ಣವನ್ನು ಮುಂದೂಡುವುದು ಜಾಣತನ.

ಮಳೆಗಾಲದಲ್ಲಿ ಈಜುವವರಿಗೆ ಹೊತ್ತಿನ ಆಯ್ಕೆಯೂ ಮುಖ್ಯ. ಜೂನ್, ಜುಲೈ ತಿಂಗಳಲ್ಲಿ ಸಂಜೆ ಈಜಿದರೆ ಮಲಗುವ ಹೊತ್ತಿಗೂ ಕೂದಲು ಒಣಗುವುದಿಲ್ಲ. ಒದ್ದೆ ತುರುಬಿನಲ್ಲೇ ಮಲಗಿದರೆ ಹೊಟ್ಟು, ತುರಿಕೆ ಶುರುವಾಗುತ್ತದೆ, ಅದಕ್ಕೂ ಕ್ಲೋರಿನ್ನಿನ ಹೆಸರೇ ಬರುತ್ತದೆ. ಸಾಧ್ಯವಿದ್ದರೆ ಬೆಳಗಿನ ಹೊತ್ತು ಆರಿಸಿಕೊಳ್ಳಿ. ಬೈರಾಸಿನಲ್ಲಿ ಉಜ್ಜದೆ ಒತ್ತಿ ನೀರು ತೆಗೆದು, ಹಲ್ಲು ಅಗಲವಿರುವ ಬಾಚಣಿಗೆಯಿಂದ ತುದಿಯ ಕಡೆಯಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವೇ ಸಿಕ್ಕು ಬಿಡಿಸಿ, ಪೂರ್ತಿ ಒಣಗಿದ ಮೇಲಷ್ಟೇ ಜಡೆ ಹೆಣೆಯಿರಿ.